ನಮ್ಮ ಹಳೇ ಫಿಯೆಟ್‌ಗೆ ಮುಖ ತೊಳೆಸಿದ್ದು

ಕಾರು ರಿಪೇರಿ ಎಂದರೆ ಗಂಡಸರ ಕೆಲಸ, ಹೆಂಗಸರೇನಿದ್ದರೂ ಬುತ್ತಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುವವರು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಎಂಜಿನ್ನಿನ ಮಟ್ಟಿಗೆ ಆ ಮಾತನ್ನು ನಾನು ಒಪ್ಪಿಕೊಳ್ಳುತ್ತೇನೆ. ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ನನಗೆ ತಿಳಿಯದು. ಆದರೆ ಕಾರಿನ ಮುಖ ಇದೆಯಲ್ಲ, ಅಂದರೆ ಒಳಗಿನ ಡ್ಯಾಶ್‌ಬೋರ್ಡು, ಅದರ ಮೇಲಿನ ಹೊಳೆಯುವ ಪಟ್ಟಿ, ಅಂಕಿಗಳ ಮೇಲಿನ ಮುಚ್ಚಳ, ಎದುರಿನ ಗಾಜು, ಇವೆಲ್ಲ ನೋಡಿದರೆ ನಮ್ಮ ಕೈಗೆ ಹೊಸವೇನೂ ಅಲ್ಲ. ಹಿತ್ತಾಳೆ ದೀಪದ ಕಂಬ ಬೆಳಗಿದವಳಿಗೆ, ಅಜ್ಜಿಯ ಕಾಲದ ದೇವರ ಪಟದ ಗಾಜು ಒರೆಸಿದವಳಿಗೆ, ಯಾವುದಕ್ಕೆ ಹುಣಸೇಹಣ್ಣು, ಯಾವುದಕ್ಕೆ ಬರೀ ಒದ್ದೆ ಬಟ್ಟೆ ಎಂಬುದು ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನೇ ಹಿಡಿದುಕೊಂಡು ನಾನು ನಮ್ಮ ಹಳೇ ಫಿಯೆಟ್ಟಿನ ಮುಂದೆ ಕುಳಿತ ಕತೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಎನ್ನಿಸಿತು.

ಮೊದಲು ಕಾರಿನ ಪರಿಚಯ. ಇದು 1969ರ ಫಿಯೆಟ್ 1100 ಡಿಲೈಟ್. ನಮ್ಮ ಮಾವನವರು ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು ತಂದ ಕಾರು. ಆ ಕಾಲದಲ್ಲಿ ದುಡ್ಡಿದ್ದರೂ ಕಾರು ಸಿಗುತ್ತಿರಲಿಲ್ಲ, ಸರದಿ ಬರಬೇಕಿತ್ತು. ನಂಬರು ಹಲಗೆಯ ಮೇಲೆ ಇನ್ನೂ ‘ಎಂ.ವೈ.’ ಅಕ್ಷರಗಳೇ ಇವೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಇದು ಅದಕ್ಕೂ ಮೊದಲಿನ, ಮೈಸೂರು ರಾಜ್ಯದ ಕಾಲದ್ದು. ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಮುಂದೆ ಒಂದೇ ಉದ್ದನೆಯ ಸೀಟು. ಇಬ್ಬರ ನಡುವೆ ಒಂದು ಮಗುವನ್ನು ಧಾರಾಳವಾಗಿ ಕೂರಿಸಬಹುದು.

ಈ ಕಾರು ತಯಾರಾಗುತ್ತಿದ್ದದ್ದು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ. ಅದನ್ನು 1944ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ನಮ್ಮ ದೇಶದಲ್ಲೇ ಮೋಟಾರು ತಯಾರಾಗಬೇಕು ಎಂದು 1930ರ ದಶಕದಲ್ಲೇ ಯೋಜನೆ ಹಾಕಿ ಓಡಾಡಿದ್ದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದವರು ಇದೇ ವಾಲ್‌ಚಂದರು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನದ ಕಾರ್ಖಾನೆ ಶುರುವಾದದ್ದೂ ಮೈಸೂರು ಸರ್ಕಾರ ಮತ್ತು ಅವರು ಕೈಜೋಡಿಸಿದ್ದರಿಂದಲೇ. 1964ರಲ್ಲಿ ಡಿಲೈಟ್ ಎಂದು ಬಂದ ನಮ್ಮ ಕಾರು ಆಮೇಲೆ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಹೆಣ್ಣುಮಗಳು ಮದುವೆಯಾಗಿ ಹೆಸರು ಬದಲಾಯಿಸಿಕೊಂಡ ಹಾಗೆ! ಮೈಕಟ್ಟು ಮಾತ್ರ ಹೆಚ್ಚುಕಡಿಮೆ ಅದೇ. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಹೊರಟುಹೋದದ್ದು 2023ರ ಅಕ್ಟೋಬರಿನಲ್ಲಿ. ಆ ಸುದ್ದಿಯನ್ನು ನಮ್ಮನೆಯವರು ಅತ್ತೆಯವರಿಗೆ ಓದಿ ಹೇಳಿದಾಗ ಅವರು, “ಪಾಪ, ದುಡಿದೂ ದುಡಿದೂ ಸಾಕಾಗಿತ್ತು ಬಿಡು” ಎಂದು ಮನುಷ್ಯರ ಬಗ್ಗೆ ಹೇಳುವ ಹಾಗೇ ಹೇಳಿದರು.

ಮಾವನವರು 2016ರಲ್ಲಿ ತೀರಿಕೊಂಡರು. ಅದಕ್ಕೂ ಏಳು ವರ್ಷ ಮುಂಚಿನಿಂದಲೇ ಕಾರು ಶೆಡ್ಡು ಸೇರಿತ್ತು. ಅದರ ಮೇಲೊಂದು ಹಳೇ ಜಮಖಾನೆ, ಜಮಖಾನೆಯ ಮೇಲೆ ಬೆಕ್ಕಿನ ಸಂಸಾರ. ಅತ್ತೆಯವರಿಗೆ ಈಗ ಎಂಬತ್ತು. ಅವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗುವ ಕಾಯಿಲೆ. ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ಮೆಲ್ಲಗೆ ಕತ್ತಲು ಬಂದು ಕೂತದ್ದು ಅವರಿಗೇ ತಿಳಿಯಲಿಲ್ಲ. ಈಗ ನೇರ ಎದುರಿಗೆ ಮಸುಕು ಮಸುಕಾಗಿ ಸ್ವಲ್ಪ ಕಾಣುತ್ತದೆ, ಅಷ್ಟೇ. ಮನೆಯೊಳಗೆ ಎಲ್ಲವನ್ನೂ ಕೈಯಲ್ಲೇ ನೋಡುತ್ತಾರೆ. ಒಗ್ಗರಣೆ ಸೌಟು ಯಾವುದು, ಹಾಲಿನ ಸೌಟು ಯಾವುದು ಎಂದು ಹಿಡಿ ಮುಟ್ಟಿ ಹೇಳುತ್ತಾರೆ.

ಕಳೆದ ವರ್ಷ ಹುಬ್ಬಳ್ಳಿಯಲ್ಲಿರುವ ನಮ್ಮ ಮೈದುನ ಫೋನು ಮಾಡಿ ಕಾರಿಗೆ ಒಬ್ಬ ಗಿರಾಕಿ ಸಿಕ್ಕಿದ್ದಾರೆಂದ. ಬೆಂಗಳೂರಿನವರು, ಹಳೇ ಕಾರುಗಳನ್ನು ಕೂಡಿಡುವ ಶೋಕಿ. ಒಳ್ಳೆಯ ಬೆಲೆ ಹೇಳಿದ್ದರು. ಕಾರು ಓಡಬೇಕು, ಡ್ಯಾಶ್‌ಬೋರ್ಡು, ಗಾಜು ಎಲ್ಲ “ಹೊಸದರ ಹಾಗೆ” ಇರಬೇಕು ಎಂಬುದು ಅವರ ಷರತ್ತು. ನಮ್ಮನೆಯವರಿಗೂ ಬೇಡವೆನ್ನಲು ಕಾರಣವಿರಲಿಲ್ಲ. ಮಗಳ ಕಾಲೇಜು ಫೀಜು ಎದುರಿಗಿತ್ತು, ಶೆಡ್ಡಿನ ಸೂರೂ ಸೋರುತ್ತಿತ್ತು. ಅತ್ತೆಯವರನ್ನು ಯಾರೂ ಕೇಳಲಿಲ್ಲ. “ಅಮ್ಮನಿಗೆ ಕಣ್ಣೇ ಕಾಣಲ್ಲ, ಕಾರು ಇಟ್ಕೊಂಡು ಏನು ಮಾಡ್ತಾಳೆ?” ಎಂದು ಫೋನಿನಲ್ಲಿ ಮೈದುನ ಹೇಳಿದ್ದು, ಸ್ಪೀಕರು ಹಾಕಿದ್ದರಿಂದ, ಹೂ ಕಟ್ಟುತ್ತಿದ್ದ ಅತ್ತೆಯವರ ಕಿವಿಗೂ ಬಿತ್ತು. ಅವರು ಒಂದು ಕ್ಷಣ ದಾರ ನಿಲ್ಲಿಸಿದರು, ಮತ್ತೆ ಕಟ್ಟತೊಡಗಿದರು.

ನಮ್ಮ ಮೆಕ್ಯಾನಿಕ್ ಸಾಹೇಬರು ಮಾವನವರ ಕಾಲದಿಂದಲೂ ಈ ಕಾರಿನ ವೈದ್ಯರು. ಅವರೇ ಮನೆಗೆ ಬಂದು ಎಂಜಿನ್ನು, ಬ್ರೇಕು, ವೈರು ಎಲ್ಲ ನೋಡಿದರು. ಎರಡು ತಿಂಗಳಲ್ಲಿ ಕಾರು ಕೆಮ್ಮಿ, ಹೊಗೆಯುಗುಳಿ, ಎದ್ದು ನಿಂತಿತು. ಒಳಗಿನ ಡ್ಯಾಶ್‌ಬೋರ್ಡಿಗೆ ಇನ್ನೊಬ್ಬ ಪೇಂಟರನ್ನು ಕರೆಸಿದೆವು. ಅವನು ಪಟ್ಟಿಯನ್ನು ಬೆರಳಲ್ಲಿ ತಟ್ಟಿ, “ಇದನ್ನ ಕಿತ್ತು ಬಿಸಾಕಿ ಸಾರ್, ತಗ್ಗು ಬಿದ್ದಿದೆ. ಪುಟ್ಟಿ ತುಂಬಿ, ಪೇಂಟ್ ಹೊಡೆದು, ಮೇಲೆ ಮರದ ಡಿಸೈನಿನ ಸ್ಟಿಕ್ಕರ್ ಅಂಟಿಸಿದರೆ ಫಳಫಳ” ಎಂದ. ಹೇಳಿದ ದುಡ್ಡು ಕೇಳಿ ನಮ್ಮನೆಯವರು ಚಹಾ ಕುಡಿಸಿ ಕಳಿಸಿಬಿಟ್ಟರು. ಸಾಹೇಬರು ನನ್ನ ಕಡೆ ತಿರುಗಿ, “ಅಮ್ಮಾ, ಇದು ನಿಧಾನದ ಕೆಲಸ. ಗ್ಯಾರೇಜಿನಲ್ಲಿ ಯಾರಿಗೂ ಅಷ್ಟು ತಾಳ್ಮೆ ಇಲ್ಲ. ನೀವೇ ಮಾಡಿ, ನಾನು ಹೇಳ್ಕೊಡ್ತೀನಿ” ಎಂದರು. ಮಧ್ಯಾಹ್ನದ ಹೊತ್ತು ನನಗೆ ಎರಡು ಗಂಟೆ ಬಿಡುವಿತ್ತು. ಸರಿ ಎಂದೆ.

ಮೊದಲ ಪಾಠ, ಬ್ಯಾಟರಿಯ ತಂತಿ ಕಳಚುವುದು. ಮೈನಸ್ ಕಡೆಯದು ಮೊದಲು. ಎರಡನೆಯದು, ಒಂದೊಂದು ತಿರುಪು ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ. ಬಿಚ್ಚಿದ ತಿರುಪುಗಳನ್ನು ಎಲ್ಲಿಡುವುದು? ನನ್ನ ಹಳೇ ಮಸಾಲೆ ಡಬ್ಬಿಯ ಏಳು ಬಟ್ಟಲುಗಳು ಹೇಳಿ ಮಾಡಿಸಿದ ಹಾಗಿದ್ದವು. ಸಾಸಿವೆಯ ಬಟ್ಟಲಲ್ಲಿ ಪಟ್ಟಿಯ ತಿರುಪು, ಜೀರಿಗೆಯದರಲ್ಲಿ ಮೀಟರಿನದು, ಮೆಂತ್ಯದ್ದರಲ್ಲಿ ಬೂದಿ ಡಬ್ಬಿಯದು. ವೈರುಗಳಿಗೆ ಬಿಳಿ ಬಟ್ಟೆಯ ತುಂಡು ಕಟ್ಟಿ, ಅದರ ಮೇಲೆ ಒಂದು, ಎರಡು ಎಂದು ಬರೆದೆ. ಸಾಹೇಬರು ನೋಡಿ, “ನಮ್ಮ ಹುಡುಗರಿಗೆ ಇದನ್ನ ತೋರಿಸಬೇಕು” ಎಂದು ನಕ್ಕರು.

ಹೊಳೆಯುವ ಲೋಹ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದು ನನಗೆ ಅಂದು ಕಂಡ ಮುಖ್ಯ ಸಂಗತಿ. ಫ್ರಿಜ್ಜಿನ ಮೇಲೆ ಅಂಟಿಸುವ ಆಯಸ್ಕಾಂತದ ಗೊಂಬೆ ತಂದು ಹಿಡಿದೆ. ಕನ್ನಡಿಯ ಕಡ್ಡಿಗೆ ಅದು ಅಂಟಿತು: ಒಳಗೆ ಉಕ್ಕು, ಮೇಲೆ ಕ್ರೋಮಿಯಂ ಲೇಪ. ಉದ್ದನೆಯ ಪಟ್ಟಿಗೆ ಅಂಟಲಿಲ್ಲ: ಅದು ಅಲ್ಯೂಮಿನಿಯಂ. ಬೂದಿ ಡಬ್ಬಿಯ ಮುಚ್ಚಳಕ್ಕೂ ಅಂಟಲಿಲ್ಲ, ಆದರೆ ಅದರ ಮೇಲೆ ಬೆವರುಸಾಲೆಯ ಹಾಗೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಅದು ಸತುವಿನ ಎರಕ, ಮೇಲೆ ಕ್ರೋಮಿಯಂ. ಲೇಪದ ಸಣ್ಣ ತೂತಿನಿಂದ ತೇವ ಒಳಗಿಳಿದು ಸತುವನ್ನು ತಿಂದಾಗ ಹೀಗೆ ಗುಳ್ಳೆ ಏಳುತ್ತದೆ ಎಂದು ಸಾಹೇಬರು ವಿವರಿಸಿದರು. ಗುಳ್ಳೆ ಉಜ್ಜಿದರೆ ಹೋಗದು. ಮೇಲಿನ ಲೇಪ ಕಿತ್ತು ಬರುತ್ತದೆ, ಅಷ್ಟೇ.

ಕನ್ನಡಿಯ ಕಡ್ಡಿಯ ಮೇಲಿನ ತುಕ್ಕಿನ ಚುಕ್ಕೆಗಳಿಗೆ ಒಂದು ಸುಲಭ ಉಪಾಯವಿದೆ, ಬರೆದಿಟ್ಟುಕೊಳ್ಳಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಫಾಯಿಲು ಕ್ರೋಮಿಯಂಗಿಂತ ಮೆತ್ತಗಿನ ಲೋಹವಾದ್ದರಿಂದ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಬಿಡುತ್ತದೆ. ಆಮೇಲೆ ಒಣಬಟ್ಟೆಯಿಂದ ಒರೆಸಿ ಸ್ವಲ್ಪ ಮೇಣ ಹಚ್ಚಿದರೆ ಮತ್ತೆ ತೇವ ತಾಗದು.

ಅಲ್ಯೂಮಿನಿಯಂ ಪಟ್ಟಿಗೆ ಮಾತ್ರ ಬೇರೆಯೇ ಉಪಚಾರ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ತೊಳೆದರೆ ಕಪ್ಪಾಗುವುದು ನಮಗೆಲ್ಲ ಗೊತ್ತಲ್ಲವೇ? ಹಾಗೆಯೇ ಇದಕ್ಕೂ ಸೋಡಾ ಆಗದು, ಹುಣಸೇಹಣ್ಣು, ನಿಂಬೆಹಣ್ಣೂ ಬೇಡ. ಕೆಲವು ಪಟ್ಟಿಗಳ ಮೇಲೆ ಕಾರ್ಖಾನೆಯಲ್ಲೇ ಒಂದು ಗಟ್ಟಿ ಪೊರೆ ಬರಿಸಿರುತ್ತಾರೆ. ಆನೊಡೈಸ್ ಮಾಡಿದ್ದು ಎನ್ನುತ್ತಾರೆ. ಪಾಲಿಷು ತಾಗಿಸಿ ಒಂದು ಮೂಲೆಯಲ್ಲಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಅದು ಬರೀ ಲೋಹ, ಪಾಲಿಷು ಹಾಕಬಹುದು. ಬಟ್ಟೆ ಕಪ್ಪಾಗದಿದ್ದರೆ ಮೇಲೆ ಪೊರೆಯಿದೆ ಎಂದರ್ಥ. ಅದನ್ನು ಜೋರಾಗಿ ಉಜ್ಜಿದರೆ ಪೊರೆ ಹೋಗಿ ತೇಪೆ ತೇಪೆಯಾಗುತ್ತದೆ. ನಮ್ಮ ಪಟ್ಟಿಗೆ ಬಟ್ಟೆ ಕಪ್ಪಾಗಲಿಲ್ಲ. ಹಾಗಾಗಿ ಅಂಟುವಾಳದ ಕಾಯಿ ನೆನೆಹಾಕಿ, ಆ ನೊರೆಯಲ್ಲಿ ಹಳೇ ಪಂಚೆಯ ತುಂಡು ಅದ್ದಿ ಒರೆಸಿದೆ. ಅಕ್ಕಸಾಲಿಗರು ಒಡವೆ ತೊಳೆಯುವುದೂ ಅಂಟುವಾಳದಲ್ಲೇ ಅಲ್ಲವೇ? ಐವತ್ತು ವರ್ಷದ ಊದುಬತ್ತಿಯ ಜಿಡ್ಡು, ದಾರಿಯ ಧೂಳು, ಮಾವನವರ ಬೀಡಾದ ಸುಣ್ಣ ಎಲ್ಲವೂ ನೊರೆಯಲ್ಲಿ ಕರಗಿ ಬಂತು. ಸಂಜೆಯ ಹೊತ್ತಿಗೆ ಪಟ್ಟಿ ತಿಳಿ ಬೆಳ್ಳಿಯ ಹಾಗೆ ಆಯಿತು.

ಎಡಗಡೆಯ ತಗ್ಗು ಮಾತ್ರ ಹಾಗೇ ಇತ್ತು. ಒಳ್ಳೇ ಹುಣಸೇಬೀಜ ಕೂರುವಷ್ಟು. ಪಟ್ಟಿ ತೊಳೆದಾದ ಮೇಲೆ ಅದು ಇನ್ನೂ ಎದ್ದು ಕಾಣತೊಡಗಿತು. ಹಿಂದಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಸಾಕಷ್ಟು ಮೇಲೆ ಬರುತ್ತದೆ, ಹೊಸ ಪಟ್ಟಿಯೇ ಬೇಕೆಂದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ, ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಹುಡುಕಬಹುದು ಎಂದು ಸಾಹೇಬರು ಎರಡು ದಾರಿ ಹೇಳಿದ್ದರು. ಪಟ್ಟಿಯನ್ನು ಒಣಗಲೆಂದು ಜಗಲಿಯ ಮೇಲೆ ಪೇಪರು ಹಾಸಿ ಇಟ್ಟಿದ್ದೆ. ಅತ್ತೆಯವರು ಬಂದು ಪಕ್ಕದಲ್ಲಿ ಕುಳಿತವರು ಅಭ್ಯಾಸದಂತೆ ಕೈಯಾಡಿಸಿದರು. ಬೆರಳು ತಗ್ಗಿಗೆ ಬಂದು ನಿಂತಿತು.

“ಇದು ಡ್ಯಾಶ್‌ಬೋರ್ಡಿನ ಪಟ್ಟಿ ಕಣೇ.”

“ಹೌದತ್ತೆ. ಹೇಗೆ ಗೊತ್ತಾಯ್ತು?”

“ನನ್ನ ಬಳೆ ತಗ್ಗು ಇದು” ಎಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯಲು ಯತ್ನಿಸುತ್ತೇನೆ. “ಎಪ್ಪತ್ತೊಂಬತ್ತನೇ ಇಸವಿ. ಧರ್ಮಸ್ಥಳಕ್ಕೆ ಹೊರಟಿದ್ವಿ. ಶಿರಾಡಿ ಘಾಟಿ, ಮಳೆ ಅಂದ್ರೆ ಮಳೆ. ನಿನ್ನ ಗಂಡ ಹಿಂದೆ ನಿದ್ದೆ ಮಾಡ್ತಿದ್ದ. ಚಿಕ್ಕವನು ನನ್ನ ತೊಡೆ ಮೇಲೆ, ಎಂಟು ತಿಂಗಳ ಕೂಸು. ತಿರುವಿನಲ್ಲಿ ಒಂದು ಕರು ಅಡ್ಡ ಬಂತು ನೋಡು, ಇವರು ಒಮ್ಮೆಗೇ ಬ್ರೇಕ್ ಹಾಕಿಬಿಟ್ರು. ಬೆಲ್ಟು ಗಿಲ್ಟು ಎಲ್ಲಿತ್ತು ಆಗ? ಒಂದು ಕೈಲಿ ಕೂಸನ್ನ ಹೊಟ್ಟೆಗೆ ಅವುಚ್ಕೊಂಡೆ, ಇನ್ನೊಂದು ಕೈ ಇಲ್ಲಿಗೆ ಊರಿದೆ. ಗಾಜಿನ ಬಳೆ ಎಲ್ಲಾ ಪುಡಿ. ಕೈ ಕುಯ್ದು ರಕ್ತ. ನಮ್ಮಪ್ಪ ಹಾಕಿದ ದಪ್ಪ ಬಳೆ ಇತ್ತಲ್ಲ, ಅದು ಇಲ್ಲಿ ಕೂತ್ಕೊಂಡು ಬಿಡ್ತು. ಕೂಸಿಗೆ ಒಂದು ಗೀರೂ ಆಗ್ಲಿಲ್ಲ. ಕರುಗೂ ಏನೂ ಆಗ್ಲಿಲ್ಲ.”

“ಯಾರಿಗೂ ಹೇಳಿಲ್ವಲ್ಲ ಅತ್ತೆ ನೀವು!”

“ಹೇಳೋದೇನು? ನಿಮ್ಮ ಮಾವನಿಗೆ ಗೊತ್ತಿತ್ತು. ಆಮೇಲೆ ಯಾವಾಗ ಮುಂದೆ ಕೂತ್ರೂ ಕೈ ಅಲ್ಲಿಗೇ ಹೋಗೋದು. ಈಗ್ಲೂ ಶೆಡ್ಡಿಗೆ ಹೋದ್ರೆ ಅದನ್ನ ಮುಟ್ಟೇ ಬರೋದು.”

ಅವರು ದಿನಾ ಸಂಜೆ ಶೆಡ್ಡಿನ ಕಡೆ ಹೋಗುವುದು ಬೆಕ್ಕಿಗೆ ಹಾಲಿಡಲು ಎಂದು ನಾವು ತಿಳಿದಿದ್ದೆವು.

ಆ ರಾತ್ರಿ ನಮ್ಮನೆಯವರಿಗೆ ವಿಷಯ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಪಟ್ಟಿ ತಟ್ಟಿಸೋದು ಬೇಡ” ಎಂದರು. ಮಾರುವ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಗಿರಾಕಿಗೆ ಕೊಟ್ಟ ಗಡುವಿಗೆ ಇನ್ನೂ ಒಂದು ತಿಂಗಳಿತ್ತು.

ನಾನು ಕೆಲಸ ಮುಂದುವರಿಸಿದೆ. ಸ್ಪೀಡೋಮೀಟರಿನ ಅಂಕಿಗಳ ಮೇಲಿದ್ದ ಮುಚ್ಚಳ ಹಳದಿಗಟ್ಟಿ, ಹಾಲಿನ ಕೆನೆ ಕಟ್ಟಿದ ಹಾಗಾಗಿತ್ತು. ನಮ್ಮದರಲ್ಲಿ ಇರುವುದು ಗಾಜಲ್ಲ, ಪಾರದರ್ಶಕ ಪ್ಲಾಸ್ಟಿಕ್ಕು. ಉಗುರಿನಿಂದ ತಟ್ಟಿದರೆ ಶಬ್ದದಲ್ಲೇ ತಿಳಿಯುತ್ತದೆ. ಗಾಜು ಠಣ್ ಎನ್ನುತ್ತದೆ, ಪ್ಲಾಸ್ಟಿಕ್ಕು ಟಪ್ ಎನ್ನುತ್ತದೆ. ಪ್ಲಾಸ್ಟಿಕ್ಕಿಗೆ ಸ್ಪಿರಿಟ್ಟು, ಪೆಟ್ರೋಲು, ಉಗುರುಬಣ್ಣ ತೆಗೆಯುವ ದ್ರವ ಯಾವುದನ್ನೂ ತಾಗಿಸಬಾರದು; ಒಳಗೆಲ್ಲ ಜೇಡರಬಲೆಯಂಥ ಬಿರುಕು ಬಿಡುತ್ತದೆ. ಮೊದಲು ಸಾಬೂನು ನೀರು, ಆಮೇಲೆ ಬಿಳಿ ಟೂತ್‌ಪೇಸ್ಟನ್ನು ಮೆತ್ತನೆ ಬಟ್ಟೆಯಲ್ಲಿ ತೆಗೆದುಕೊಂಡು ಸುತ್ತಿ ಸುತ್ತಿ ಉಜ್ಜುವುದು. ನಾಲ್ಕು ಮಧ್ಯಾಹ್ನ ಹಿಡಿಯಿತು. ಹಳದಿ ಪೂರ್ತಿ ಹೋಗಲಿಲ್ಲ, ಮಬ್ಬು ಹೋಯಿತು, ಮುಳ್ಳು ಕಂಡಿತು.

ಅಂಕಿಗಳ ತಗಡನ್ನು ಮಾತ್ರ ಒರೆಸಲೇ ಬಾರದು. ಹಳೇ ಬಣ್ಣ ಪುಡಿಯಾಗಿರುತ್ತದೆ, ಒದ್ದೆ ಬಟ್ಟೆ ತಾಗಿದರೆ ನಲವತ್ತು, ಅರವತ್ತು ಎಲ್ಲ ಬಟ್ಟೆಗೇ ಬಂದುಬಿಡುತ್ತವೆ. ಮಗಳ ಚಿತ್ರ ಬಿಡಿಸುವ ಕುಂಚ, ಮೆತ್ತಗಿನದು, ಅದರಿಂದ ಧೂಳು ಹಾರಿಸಿದೆ. ಮುಳ್ಳನ್ನು ಮುಟ್ಟಲಿಲ್ಲ.

ಇನ್ನು ಗಾಜು. ನಮ್ಮ ಎದುರಿನ ಗಾಜಿನ ಮೇಲೆ ಎರಡು ಬಗೆಯ ಗೀರುಗಳಿದ್ದವು. ಒಂದು, ಧೂಳಿನ ಮೇಲೆ ಒಣಬಟ್ಟೆ ಹಾಕಿ ಒರೆಸಿದ ಕೂದಲೆಳೆಯ ಗೀರು, ಬಿಸಿಲು ಬಿದ್ದರೆ ಮಾತ್ರ ಕಾಣುವಂಥದು. ಇನ್ನೊಂದು, ವೈಪರಿನ ರಬ್ಬರು ಸವೆದುಹೋಗಿ ತಗಡೇ ಉಜ್ಜಿದ ಕಮಾನು. ಇವೆರಡನ್ನೂ ಬೇರೆ ಮಾಡುವುದಕ್ಕೆ ಉಗುರೇ ಸಾಕು. ಉಗುರು ಗೀರಿನ ಮೇಲೆ ಜಾರಿಹೋದರೆ ಅದನ್ನು ಪಾಲಿಷಿನಿಂದ ತೆಗೆಯಬಹುದು. ಉಗುರು ಸಿಕ್ಕಿಕೊಂಡರೆ ಆಸೆ ಬಿಡಬೇಕು. ಅಷ್ಟು ಆಳ ತೆಗೆಯಲು ಹೊರಟರೆ ಅಲ್ಲಿ ಗಾಜು ತಗ್ಗಾಗಿ, ಎದುರಿನ ರಸ್ತೆ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತದೆ. ಡ್ರೈವರಿನ ಕಣ್ಣೆದುರು ಅಂಥದು ಇರಬಾರದು.

ತೆಳು ಗೀರಿಗೆ ಹಾಕುವುದು ಸೀರಿಯಂ ಆಕ್ಸೈಡ್ ಎಂಬ ನಯವಾದ ಪುಡಿ. ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಉಣ್ಣೆಯ ಬಿಲ್ಲೆಗೆ ಹಚ್ಚಿ, ನಿಧಾನವಾಗಿ ತಿರುಗುವ ಡ್ರಿಲ್ಲಿನಲ್ಲಿ ಉಜ್ಜಬೇಕು. ಮೇಲೆ ನೀರು ಚಿಮುಕಿಸುತ್ತಲೇ ಇರಬೇಕು. ಒಣಗಿ ಬಿಸಿಯಾದರೆ ಗಾಜು ಸೀಳುತ್ತದೆ. ಮುಂದಿನ ಬಾಗಿಲುಗಳಲ್ಲಿ ಗಾಳಿಗಾಗಿ ತಿರುಗಿಸುವ ತ್ರಿಕೋನದ ಸಣ್ಣ ಗಾಜುಗಳಿವೆಯಲ್ಲ, ಅವನ್ನು ಹೀಗೇ ಉಜ್ಜಿ ಉಳಿಸಿಕೊಂಡೆ. ಎದುರಿನ ದೊಡ್ಡ ಗಾಜಿನ ಕಮಾನಿನಲ್ಲಿ ಉಗುರು ಸಿಕ್ಕಿಕೊಂಡಿತು. ಅದನ್ನು ಬದಲಾಯಿಸಲೇಬೇಕೆಂದು ಸಾಹೇಬರೂ ನಾನೂ ಒಂದೇ ಮಾತಿಗೆ ಬಂದೆವು.

ಹೊಸ ಗಾಜು ಕೊಳ್ಳುವಾಗ ಒಂದು ವಿಷಯ ತಿಳಿದಿರಬೇಕು. ಕಾಯಿಸಿ ಒಮ್ಮೆಗೇ ತಣಿಸಿ ಗಟ್ಟಿ ಮಾಡಿದ ಗಾಜು ಒಡೆದರೆ ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಉದುರಿಬಿಡುತ್ತದೆ. ಲ್ಯಾಮಿನೇಟೆಡ್ ಎನ್ನುವುದರಲ್ಲಿ ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ ಇರುತ್ತದೆ. ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡು ನಿಲ್ಲುತ್ತವೆ. ಇದರ ಹುಟ್ಟೂ ಸ್ವಾರಸ್ಯವಾಗಿದೆ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಒಂದು ಗಾಜಿನ ಬುರುಡೆ ಜಾರಿಬಿತ್ತಂತೆ. ಅದು ಬಿರುಕು ಬಿಟ್ಟಿತು, ಚೂರಾಗಲಿಲ್ಲ. ಒಳಗೆ ಹಿಂದೆಂದೋ ಒಣಗಿದ ದ್ರಾವಣದ ಪೊರೆ ಅದನ್ನು ಹಿಡಿದುಕೊಂಡಿತ್ತು. ಎದುರಿನ ಗಾಜಿಗೆ ಲ್ಯಾಮಿನೇಟೆಡ್ಡೇ ಇರಲಿ. ನಾವೂ ಅದನ್ನೇ ತರಿಸಿದೆವು.

ಗಾಜು ಕೂರಿಸುವುದನ್ನು ನೋಡಿದರೆ ನಿಮಗೆ ಲಂಗಕ್ಕೆ ಲಾಡಿ ಪೋಣಿಸುವುದು ನೆನಪಾಗುತ್ತದೆ. ಮೊದಲು ರಬ್ಬರು ಬೀಡಿಂಗನ್ನು ಗಾಜಿನ ಸುತ್ತ ಹಾಕುತ್ತಾರೆ. ಬೀಡಿಂಗಿನ ಹೊರಗಣ ಗಾಡಿಯಲ್ಲಿ ಸುತ್ತಲೂ ಒಂದು ಹುರಿ ಕೂರಿಸಿ, ಎರಡು ತುದಿಗಳನ್ನು ಕೆಳಗಡೆ ಇಳಿಬಿಡುತ್ತಾರೆ. ಸಾಬೂನು ನೀರು ಬಳಿದು ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಇಡುತ್ತಾರೆ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಾ ಹೋಗಬೇಕು, ಇನ್ನೊಬ್ಬರು ಒಳಗೆ ಕುಳಿತು ಹುರಿ ಎಳೆಯುತ್ತಾ ಹೋಗಬೇಕು. ಹುರಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಸಾಹೇಬರು ಮತ್ತು ಅವರ ಹುಡುಗ ಹೊರಗೆ, ಹುರಿ ಎಳೆದದ್ದು ನಾನು. ಅವಸರ ಮಾಡಿದರೆ ರಬ್ಬರು ಹರಿಯುತ್ತದೆ, ತಡ ಮಾಡಿದರೆ ಸಾಬೂನು ಒಣಗುತ್ತದೆ. ಒಂದೇ ಸಮನೆ ಎಳೆದೆ.

ಅದೇ ವಾರ ಅತ್ತೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನವಿತ್ತು. ಡಾಕ್ಟರು ಪ್ರತಿಸಲವೂ ಹೇಳುವ ಮಾತನ್ನೇ ಹೇಳಿದರು: ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸು ಬರುವುದಿಲ್ಲ, ಡ್ರಾಪ್ಸ್ ಹಾಕುವುದು ಇರುವುದನ್ನು ಉಳಿಸಿಕೊಳ್ಳುವುದಕ್ಕೆ, ಒಂದು ಹೊತ್ತೂ ತಪ್ಪಿಸಬೇಡಿ. ಬಸ್ಸಿನಲ್ಲಿ ಬರುತ್ತಾ ನಾನು ಅದನ್ನೇ ಯೋಚಿಸುತ್ತಿದ್ದೆ. ಹಳೆಯದನ್ನು ಸರಿ ಮಾಡುವುದು ಎಂದರೂ ಇಷ್ಟೇ ಅಲ್ಲವೇ? ಹೋದ ಹೊಳಪನ್ನು ಅಂಗಡಿಯಿಂದ ತಂದು ಅಂಟಿಸುವುದಲ್ಲ. ಉಳಿದಿರುವುದು ಏನು ಎಂದು ಕಂಡುಕೊಂಡು ಅದನ್ನು ಕಾಯುವುದು. ಗಾಜು ನೋಡುವುದಕ್ಕೆ ಇರುವುದು, ಅದು ಸ್ವಚ್ಛವಾಗಿರಲೇಬೇಕು, ಆಗದಿದ್ದರೆ ಹೊಸದು ಹಾಕಬೇಕು. ಅದರಲ್ಲಿ ಮಮಕಾರ ಸಲ್ಲದು. ಆದರೆ ಪಟ್ಟಿಯ ತಗ್ಗು ಯಾರ ಜೀವಕ್ಕೂ ಅಪಾಯವಲ್ಲ. ಕೊಳೆಗೂ ಗುರುತಿಗೂ ವ್ಯತ್ಯಾಸ ಇದೆ. ಕೊಳೆ ತೊಳೆಯಬೇಕು, ಗುರುತನ್ನು ಬಿಡಬೇಕು. ಯಾವುದು ಯಾವುದೆಂದು ತಿಳಿಯಬೇಕಾದರೆ ಆ ವಸ್ತುವಿನೊಂದಿಗೆ ಬಾಳಿದವರನ್ನು ಒಂದು ಮಾತು ಕೇಳಬೇಕು.

ಗಡುವಿಗೆ ನಾಲ್ಕು ದಿನವಿರುವಾಗ ಮೈದುನ ಊರಿಂದ ಬಂದ. ಕಾರು ನೋಡಿ, “ಅತ್ತಿಗೆ, ಭೇಷ್! ಆದ್ರೆ ಈ ತಗ್ಗು ಯಾಕೆ ಬಿಟ್ರಿ? ಆತ ಇದಕ್ಕೇ ಬೆಲೆ ಇಳಿಸ್ತಾನೆ” ಎಂದ. ನಾನು ಉತ್ತರ ಕೊಡಲಿಲ್ಲ, ಕೊಡಬೇಕಾದವರು ಬೇರೆ ಇದ್ದರು. ಅತ್ತೆಯವರನ್ನು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವರು ಕೈ ನೀಡಿ ಒಂದೊಂದಾಗಿ ಮುಟ್ಟಿದರು. ಬೂದಿ ಡಬ್ಬಿ. ದೀಪದ ಗುಂಡಿ. ವೈಪರಿನ ಗುಂಡಿ. ಕೈ ತಗ್ಗಿಗೆ ಬಂತು. “ಬಾರೋ ಇಲ್ಲಿ, ನಿನ್ನ ಕೈ ಕೊಡು” ಎಂದು ಮಗನ ಹೆಬ್ಬೆರಳನ್ನು ಹಿಡಿದು ಅದರೊಳಗೆ ಒತ್ತಿದರು. ಘಾಟಿಯ ಕತೆ ಹೇಳಿದರು, ನನಗೆ ಹೇಳಿದಷ್ಟೇ ಸರಳವಾಗಿ, ಕರುವಿಗೂ ಏನೂ ಆಗಲಿಲ್ಲ ಎನ್ನುವುದನ್ನೂ ಸೇರಿಸಿ.

ಮೈದುನನಿಗೆ ಈಗ ನಲವತ್ತೇಳು ವರ್ಷ. ಅವನು ಹೆಬ್ಬೆರಳು ತೆಗೆಯದೆ ಸುಮ್ಮನೆ ನಿಂತಿದ್ದ. ಆಮೇಲೆ, “ನನಗೆ ಯಾಕಮ್ಮ ಹೇಳ್ಲಿಲ್ಲ ನೀನು?” ಎಂದ. ಅವರು, “ನೀನು ಕೇಳಿದ್ಯಾ?” ಎಂದರು. ಕೋಪದಿಂದಲ್ಲ, ನಗುತ್ತಲೇ. ಸಂಜೆ ಅವನೇ ಗಿರಾಕಿಗೆ ಫೋನು ಮಾಡಿ ಕಾರು ಕೊಡುವುದಿಲ್ಲವೆಂದ. ಮಗಳ ಫೀಜಿಗೆ ನಾವು ಬೇರೆ ದಾರಿ ಹುಡುಕಿಕೊಂಡೆವು. ನನ್ನ ಎರಡು ಎಳೆ ಸರ ಸದ್ಯಕ್ಕೆ ಬ್ಯಾಂಕಿನಲ್ಲಿದೆ. ಅದರಲ್ಲಿ ಮೈದುನನೂ ಪಾಲು ಹಾಕುತ್ತಿದ್ದಾನೆ. ಸುಲಭವಾಯಿತೆಂದು ಹೇಳಲಾರೆ, ಆದರೆ ಮನೆಯಲ್ಲಿ ಯಾರೂ ಗೊಣಗಲಿಲ್ಲ.

ಇನ್ನೊಂದು ಮಾತು, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಹಳೇ ಗಾಡಿ ಇದ್ದರೆ ಉಪಯೋಗಕ್ಕೆ ಬಂದೀತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ಮಾಡಿದೆ. ನಂಬರಿನ ನಡುವೆ ‘ವಿ.ಎ.’ ಎಂಬ ಅಕ್ಷರ ಬರುತ್ತದೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ. ನಮ್ಮನೆಯವರಿಗೆ ಆ ಆಸೆ ಇತ್ತು. ಅತ್ತೆಯವರು ಕೇಳಿ, “ಹಾಗಾದ್ರೆ ನಂಜನಗೂಡಿಗೆ ಹೋಗೋದು ಹೇಗೆ?” ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುವ ಸಾಮಾನ್ಯ ದಾರಿಯನ್ನೇ ಹಿಡಿದೆವು.

ಕಡೆಯಲ್ಲಿ ನಾಲ್ಕು ಸೂಚನೆಗಳು. ಯಾವುದೇ ಲೋಹವಾಗಲಿ, ಉಜ್ಜುವ ಮೊದಲು ಅದು ಏನೆಂದು ತಿಳಿದುಕೊಳ್ಳಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಹಳೇ ಅಕ್ಷರ, ಅಂಕಿಗಳ ಮೇಲೆ ನೀರು ತಾಗಿಸಬೇಡಿ. ಗಾಜಿಗೆ ಒಣಬಟ್ಟೆ ಹಾಕುವ ಮೊದಲು ಧೂಳನ್ನು ನೀರಿನಿಂದ ತೊಳೆಯಿರಿ. ಕಿತ್ತದ್ದನ್ನು ಯಾವುದನ್ನೂ ಕೂಡಲೇ ಗುಜರಿಗೆ ಹಾಕಬೇಡಿ. ಒಂದು ವಾರ ಮನೆಯ ಹಿರಿಯರ ಕೈಗೆ ಸಿಗುವ ಜಾಗದಲ್ಲಿ ಇಡಿ.

ಈಗ ತಿಂಗಳಿಗೊಂದು ಸೋಮವಾರ ನಾವು ಫಿಯೆಟ್ಟಿನಲ್ಲೇ ನಂಜನಗೂಡಿಗೆ ಹೋಗಿಬರುತ್ತೇವೆ. ಮುಂದೆ ನಮ್ಮನೆಯವರ ಪಕ್ಕದಲ್ಲಿ ಅತ್ತೆಯವರು, ಹಿಂದೆ ಬುತ್ತಿ ಡಬ್ಬಿಯೊಂದಿಗೆ ನಾನು. ಹೊಸ ಗಾಜಿನಲ್ಲಿ ರಸ್ತೆ ತಿಳಿಯಾಗಿ ಕಾಣುತ್ತದೆ. ಸೇತುವೆ ಬಂತು, ಗೋಪುರ ಕಂಡಿತು ಎಂದು ನಾನು ಹಿಂದಿನಿಂದ ಹೇಳುತ್ತಿರುತ್ತೇನೆ. “ಗೊತ್ತಾಯ್ತು ಬಿಡೇ” ಎನ್ನುತ್ತಾರೆ ಅವರು.